ತಂಗಿಯನ್ನು ವಾಪಸ್ ಕೊಡಲು ಹೊರಟವಳು

ಕೊಪ್ಪದ ನಮ್ಮ ಹಳೆಯ ಕಚೇರಿಗೆ ಈಚೆಗೆ ಸೇರಿದ ಹುಡುಗಿಯೊಬ್ಬಳು ನನ್ನನ್ನು ಹುಡುಕಿಕೊಂಡು ನಾನೀಗಿರುವ ಕಡಹಿನಬೈಲಿಗೆ ಬಂದಿದ್ದಳು. ಎಂ.ಎಸ್.ಡಬ್ಲ್ಯು. ಮುಗಿಸಿದವಳು, ಚುರುಕಾಗಿದ್ದಾಳೆ. ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಿದಳು: “ಮೇಡಂ, ಟ್ರೈನಿಂಗಲ್ಲಿ ನಮ್ಗೆ ಯಾವಾಗ್ಲೂ ಮಗುವಿನ ಪರ ನಿಲ್ಲಿ ಅಂತಾರೆ. ಆದ್ರೆ ಮಗುವಿನ ಮೇಲೆ ಮನೆಯವರು ಹೇಳೋ ದೂರು ನಿಜವೇ ಆಗಿದ್ರೆ ಎಂತ ಮಾಡೂದು?”

ಅವಳಿಗೆ ಆಗ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅವಳು ಬಸ್ಸಿಗೆ ಹೋದ ಮೇಲೆ ನೆಮ್ಮಾರಿನ ಸಿಂಚನ ನೆನಪಾದಳು. ಅವಳ ವಿಷಯ ಹೇಳದೆ ಈ ಪ್ರಶ್ನೆಗೆ ನಾನು ಉತ್ತರ ಕೊಡಲಾರೆ. ಆದ್ದರಿಂದ ಬರೆಯುತ್ತಿದ್ದೇನೆ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ದತ್ತು ಮಕ್ಕಳನ್ನೂ ಅವರನ್ನು ಪಡೆದ ಮನೆಯವರನ್ನೂ ಕೂರಿಸಿಕೊಂಡು ಮಾತಾಡಿಸುವುದು ನನ್ನ ಕೆಲಸವಾಗಿತ್ತು. ಆಪ್ತಸಮಾಲೋಚಕಿ ಎಂದು ಬಾಗಿಲಿನ ಮೇಲೆ ಬರೆದಿತ್ತು. ಊರಿನವರು ಮಾತ್ರ ‘ಮಕ್ಕಳ ಮೇಡಂ’ ಎನ್ನುತ್ತಿದ್ದರು. ಕೊಪ್ಪದಲ್ಲಿ ಔಷಧಿ ಅಂಗಡಿಯ ಮೇಲೊಂದು ಕೋಣೆ, ಅದರಲ್ಲಿ ಒಂದು ಚಾಪೆ, ಒಂದು ಬುಟ್ಟಿ ಆಟದ ಸಾಮಾನು. ವಾರದಲ್ಲಿ ಒಂದು ದಿನ ಶೃಂಗೇರಿ ಕಡೆ, ಒಂದು ದಿನ ನರಸಿಂಹರಾಜಪುರದ ಕಡೆ ಬಸ್ಸಿನಲ್ಲಿ ಹೋಗಿ ಮನೆಗಳನ್ನು ನೋಡಿ ಬರುತ್ತಿದ್ದೆ.

ನಾನು ಸೇರಿದ ಕಾಲದಲ್ಲಿ ದತ್ತು ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ನರಸಿಂಹರಾಜಪುರದ ಬಟ್ಟೆ ಅಂಗಡಿಯವರೊಬ್ಬರು, “ನಮ್ಮನೆಗೆ ಬರುವಾಗ ವಿಮೆಯವರು ಅಂತ ಹೇಳ್ಕೊಳ್ಳಿ, ಹುಡುಗಂಗೆ ಗೊತ್ತಾಗಬಾರದು” ಎಂದಿದ್ದರು. ನಾನೂ ಒಂದು ಫೈಲು ಹಿಡಿದುಕೊಂಡು ವಿಮೆಯವಳಾಗಿಯೇ ಹೋಗಿಬರುತ್ತಿದ್ದೆ. ಒಮ್ಮೆ ಆ ಹುಡುಗ ನನ್ನನ್ನು ಬೀದಿಯ ತಿರುವಿನವರೆಗೆ ಬೀಳ್ಕೊಡಲು ಬಂದ. ಹನ್ನೊಂದು ವರ್ಷದವನು. “ಆಂಟಿ, ನೀವು ವಿಮೆಯವ್ರಲ್ಲ. ನನ್ನ ದತ್ತು ತಗೊಂಡಿದ್ದು ನಂಗೊತ್ತು. ಅಪ್ಪಂಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ” ಎಂದು ಹೇಳಿ ಓಡಿಬಿಟ್ಟ. ಒಂದೇ ಮನೆಯಲ್ಲಿ ದೊಡ್ಡವರು ಹುಡುಗನಿಂದ ಮುಚ್ಚಿಡುತ್ತಿದ್ದರು, ಹುಡುಗ ದೊಡ್ಡವರಿಂದ ಮುಚ್ಚಿಡುತ್ತಿದ್ದ, ನಾನು ಇಬ್ಬರಿಂದಲೂ.

ಆಮೇಲೆ ಕ್ರಮ ಬದಲಾಯಿತು. ಮಾತು ಬರುವ ಮೊದಲೇ ಮಗುವಿಗೆ ಸತ್ಯ ಹೇಳಲು ಶುರುಮಾಡಿ, ಕತೆಯ ಹಾಗೆ ಹೇಳಿ ಎಂದು ನಮಗೆ ಕಲಿಸಿದರು, ನಾವು ಅದನ್ನೇ ತಂದೆತಾಯಿಗಳಿಗೆ ಕಲಿಸಿದೆವು. ಅದು ಒಳ್ಳೆಯ ಕ್ರಮ, ಈಗಲೂ ಹಾಗೆಂದೇ ನಂಬುತ್ತೇನೆ. ಆದರೆ ನಾವು ಹೇಳಿದ ಕತೆಯಲ್ಲಿ ಮಗು ಯಾವ ಮಾತನ್ನು ಹಿಡಿದುಕೊಳ್ಳುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ.

ಸಿಂಚನಳ ತಂದೆ ಮಹೇಶ ಕರೆಂಟು ಕಚೇರಿಯಲ್ಲಿ ಲೈನ್‌ಮ್ಯಾನ್. ತಾಯಿ ಸುಜಾತ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ನೆಮ್ಮಾರಿನಲ್ಲಿ ರಸ್ತೆಗೆ ಅಂಟಿಕೊಂಡ ಬಾಡಿಗೆ ಮನೆ. ಜೊತೆಗೆ ಮಹೇಶನ ತಾಯಿ ಜಲಜಮ್ಮ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, ಶಿವಮೊಗ್ಗದ ಒಂದು ದತ್ತು ಕೇಂದ್ರದಿಂದ ಒಂದೂವರೆ ವರ್ಷದ ಸಿಂಚನಳನ್ನು ತಂದಿದ್ದರು. ಮೊದಲ ಎರಡು ವರ್ಷ ನಾನೇ ಹೋಗಿ ನೋಡಿಬರುತ್ತಿದ್ದೆ. ಸುಜಾತ ನಾನು ಹೇಳಿಕೊಟ್ಟ ಕತೆಯನ್ನು ಚೂರೂ ತಪ್ಪಿಸದೆ ಹೇಳುತ್ತಿದ್ದಳು: ನಮಗೆ ಮಗು ಬೇಕಿತ್ತು, ಶಿವಮೊಗ್ಗದಲ್ಲಿ ಮಗು ಕೊಡುವ ಮನೆ ಇತ್ತು, ಬಸ್ಸಿನಲ್ಲಿ ಹೋಗಿ ನಿನ್ನನ್ನು ಕರೆತಂದೆವು. ಸಿಂಚನ ಊಟ ಬೇಡವೆಂದು ಹಟ ಹಿಡಿದಾಗ ಆ ಕತೆ ಹೇಳಿದರೆ ಸಾಕು, ಬಾಯಿ ತೆರೆಯುತ್ತಿದ್ದಳು.

ಅವಳಿಗೆ ಎಂಟು ತುಂಬಿದ ಮೇಲೆ ಸುಜಾತ ಬಸುರಿಯಾದಳು. ಯಾರೂ ನಿರೀಕ್ಷಿಸಿರಲಿಲ್ಲ. ಹೆಣ್ಣು ಮಗು ಹುಟ್ಟಿತು, ಆದ್ಯ ಎಂದು ಹೆಸರಿಟ್ಟರು. ನಾಮಕರಣಕ್ಕೆ ನನಗೂ ಕರೆ ಬಂದಿತ್ತು. ಸಿಂಚನ ಹೊಸ ಲಂಗ ಹಾಕಿಕೊಂಡು ಬಂದವರಿಗೆಲ್ಲ ಪಾನಕ ಕೊಡುತ್ತಿದ್ದಳು. ನಾನು ನಿಶ್ಚಿಂತೆಯಿಂದ ಮರಳಿದೆ.

ಅದಾಗಿ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ, ಕೊಪ್ಪ ಬಸ್ ನಿಲ್ದಾಣದ ಎದುರಿನ ಹೋಟೆಲಿನವರು ಕಚೇರಿಗೆ ಫೋನ್ ಮಾಡಿದರು. “ಮೇಡಂ, ಒಂದು ಸಣ್ಣ ಹುಡುಗಿ ಕೂಸನ್ನ ಎತ್ಕೊಂಡು ಬಸ್ಸಲ್ಲಿ ಒಬ್ಬಳೇ ಬಂದಿದಾಳೆ. ಕಂಡಕ್ಟರ್ ಇಳಿಸಿ ಇಲ್ಲಿ ಕೂರಿಸಿದಾನೆ. ಹೆಸರು ಹೇಳೂದಿಲ್ಲ. ನಿಮ್ಮನ್ನ ಕರೆಸಿ ಅಂತ ಹೇಳ್ತಿದಾಳೆ.”

ಓಡಿದೆ. ಹೋಟೆಲಿನ ಮೂಲೆಯ ಬೆಂಚಿನ ಮೇಲೆ ಸಿಂಚನ ಕೂತಿದ್ದಳು. ಶಾಲೆಗೆ ಅಂದು ರಜೆ. ಮಡಿಲಲ್ಲಿ ಆದ್ಯ, ಅತ್ತು ಅತ್ತು ಮುಖ ಕೆಂಪಾಗಿ ನಿದ್ದೆಹೋಗಿದ್ದಳು. ಪಕ್ಕದಲ್ಲಿ ಸಿಂಚನಳ ಶಾಲೆಯ ಚೀಲ. ಕಂಡಕ್ಟರ್ ನನ್ನನ್ನು ಬದಿಗೆ ಕರೆದು ಹೇಳಿದ: “ಕಾರ್ಕಳದಿಂದ ಶಿವಮೊಗ್ಗಕ್ಕೆ ಹೋಗೋ ಬಸ್ ಮೇಡಂ ನಮ್ಮದು. ನೆಮ್ಮಾರಲ್ಲಿ ಹತ್ತಿದ್ಲು. ಅಮ್ಮ ಶಿವಮೊಗ್ಗದಲ್ಲಿ ಕಾಯ್ತಾ ಇದಾಳೆ ಅಂದ್ಲು. ಶೃಂಗೇರಿ ದಾಟಿದ ಮೇಲೆ ಕೂಸು ಅಳೋಕೆ ಶುರುಮಾಡ್ತು, ಇವಳು ಬಾಟ್ಲಿ ಬಾಯಿಗಿಟ್ಲು. ಆದ್ರೂ ನಂಗೆ ಎಂತೋ ಸರಿಕಾಣ್ಲಿಲ್ಲ.” ಅವನ ಬಸ್ ಹಾರ್ನ್ ಹೊಡೆಯುತ್ತಿತ್ತು. ಅವನು ಓಡಿದ. ಅವನ ಹೆಸರನ್ನೂ ನಾನು ಕೇಳಲಿಲ್ಲ.

ಚೀಲ ತೆರೆದು ನೋಡಿದೆ. ಹಾಲಿನ ಬಾಟಲಿ, ಮಡಿಚಿಟ್ಟ ಮೂರು ಜಬಲ ಅಂಗಿ, ಒಂದು ಟವೆಲು, ಹೊಟ್ಟೆನೋವಿಗೆ ಹಾಕುವ ಹನಿ ಔಷಧಿ. ಒಂಬತ್ತು ವರ್ಷದ ಹುಡುಗಿ ಏನನ್ನೂ ಮರೆತಿರಲಿಲ್ಲ. ಅವಳ ಸ್ವಂತದ ಒಂದು ಬಟ್ಟೆಯೂ ಆ ಚೀಲದಲ್ಲಿ ಇರಲಿಲ್ಲ. ಅದನ್ನು ನೋಡಿದಾಗ ನನಗೆ ಹೆದರಿಕೆಯಾಯಿತು. ಇವಳು ಓಡಿಹೋಗಲು ಹೊರಟವಳಲ್ಲ.

“ಎಲ್ಲಿಗೆ ಹೋಗ್ತಿದ್ದೆ ಪುಟ್ಟಿ?”

“ಶಿವಮೊಗ್ಗಕ್ಕೆ. ಇದನ್ನ ವಾಪಸ್ ಕೊಡೋಕೆ.”

“ಯಾರಿಗೆ?”

“ನನ್ನ ಕೊಟ್ಟೋರಿಗೆ.”

ಅವಳ ದನಿಯಲ್ಲಿ ಅಳು ಇರಲಿಲ್ಲ. ಕೆಲಸ ಅರ್ಧಕ್ಕೆ ನಿಂತವರ ಬೇಸರವಿತ್ತು ಅಷ್ಟೆ. ನಾನು ಯಾಕೆ ಎಂದು ಕೇಳಿದೆ. ಅವಳು ನಿಧಾನವಾಗಿ ವಿವರಿಸಿದಳು. ಪಕ್ಕದ ಮನೆಯವರ ಹತ್ತಿರ ಅಜ್ಜಿ ಹೇಳುತ್ತಿದ್ದಳಂತೆ, ಈಗ ನಮ್ಮದೇ ಕೂಸು ಹುಟ್ಟಿತಲ್ಲ, ತಂದದ್ದನ್ನು ವಾಪಸ್ ಕೊಡಲಿಕ್ಕೆ ಬರುತ್ತದಾ ಎಂದು. ಪಕ್ಕದ ಮನೆಯವರು ನಕ್ಕರಂತೆ.

“ಒಂದನ್ನ ವಾಪಸ್ ಕೊಡಬೇಕಲ್ಲ ಮಿಸ್. ನಂಗೆ ಅಮ್ಮ ಗೊತ್ತು, ಅಪ್ಪ ಗೊತ್ತು, ಶಾಲೆ ಗೊತ್ತು. ಇದಕ್ಕೆ ಇನ್ನೂ ಯಾರೂ ಗೊತ್ತಿಲ್ಲ. ಇದಕ್ಕೆ ಬೇಜಾರಾಗೂದಿಲ್ಲ.”

ಮಗುವಿನ ಮನಸ್ಸನ್ನು ಅರ್ಥಮಾಡಿಕೊಳ್ಳುವುದು ಹೇಗೆ ಎಂದು ನಾನು ಬೇರೆಯವರಿಗೆ ಪಾಠ ಹೇಳಿದವಳು. ಅಂದು ನನಗೆ ಹೊಳೆದದ್ದು ನೆಮ್ಮಾರಿಗೆ ಫೋನ್ ಮಾಡುವುದೊಂದೇ.

ಮಹೇಶ ಮತ್ತು ಸುಜಾತ ಪಕ್ಕದ ಮನೆಯವರ ಜೀಪಿನಲ್ಲಿ ಬಂದರು. ಅಷ್ಟು ಹೊತ್ತೂ ಅವರು ನೆಮ್ಮಾರಿನಲ್ಲಿ ಬಾವಿ ಬಗ್ಗಿ ನೋಡಿ, ಹೊಳೆಯ ಬದಿಗೆ ಹೋಗಿ ಹುಡುಕಿ, ಊರನ್ನೇ ಸೇರಿಸಿದ್ದರು. ಸುಜಾತಳ ಸೀರೆಯ ಅಂಚೆಲ್ಲ ಕೆಸರು. ಒಳಗೆ ಬಂದವಳೇ ಮಗುವನ್ನು ಕಿತ್ತುಕೊಂಡಳು. ಬಟ್ಟೆ ಬಿಚ್ಚಿ ಮೈ, ಕೈ, ತಲೆ ಎಲ್ಲ ಮುಟ್ಟಿ ನೋಡಿದಳು. ಸಿಂಚನಳ ಕಡೆ ಒಮ್ಮೆಯೂ ತಿರುಗಲಿಲ್ಲ. ಮಹೇಶ ಕೈ ಎತ್ತಿದ. ನಾನು ನಡುವೆ ನಿಂತೆ.

“ಬಿಡಿ ಮೇಡಂ. ಇವಳು ಎಂತ ಮಾಡಿದಾಳೆ ಅಂತ ಗೊತ್ತಾ ನಿಮ್ಗೆ?”

“ಗೊತ್ತು. ನಾನೂ ನಿಮ್ಮ ಜೊತೆ ಮನೆಗೆ ಬರ್ತೀನಿ.”

ಜೀಪಿನಲ್ಲಿ ಸುಜಾತ ಮಗುವನ್ನು ಎದೆಗೆ ಒತ್ತಿಕೊಂಡು ಹಿಂದಿನ ಮೂಲೆಯಲ್ಲಿ ಕೂತಳು. ಸಿಂಚನ ಹತ್ತಲು ಬಂದಾಗ, “ಇಲ್ಲಿ ಬೇಡ” ಎಂದಳು. ಮುಂದೆ ನನ್ನ ಮತ್ತು ಮಹೇಶನ ನಡುವೆ ಕೂರಿಸಿದೆವು. ಶೃಂಗೇರಿ ದಾಟಿ ನೆಮ್ಮಾರು ಮುಟ್ಟುವವರೆಗೆ ಸಿಂಚನ ಕನ್ನಡಿಯಲ್ಲಿ ತಾಯಿಯನ್ನು ನೋಡುತ್ತಿದ್ದಳು.

ಮನೆಯಲ್ಲಿ ಸುಜಾತ ನನ್ನನ್ನು ಅಡುಗೆಮನೆಗೆ ಕರೆದಳು. “ಮೇಡಂ, ಇವಳನ್ನ ಎಲ್ಲಾದ್ರೂ ಸೇರ್ಸಿ. ಹಾಸ್ಟೆಲ್ ಆದ್ರೂ ಸರಿ. ಇವತ್ತು ಬಸ್ಸು ಹತ್ತಿದ್ಲು. ನಾಳೆ ಬಾವಿಗೆ ಹಾಕಿದ್ರೆ?” ಅವಳನ್ನು ಕಲ್ಲು ಮನಸ್ಸಿನವಳು ಎಂದು ಯಾರೂ ಎಣಿಸಬಾರದು. ಸಿಂಚನಳಿಗೆ ಜ್ವರ ಬಂದಾಗ ಎತ್ತಿಕೊಂಡು ಶೃಂಗೇರಿಯ ಆಸ್ಪತ್ರೆಯವರೆಗೆ ಯಾರ ಕೈಗೂ ಕೊಡದೆ ಹೋದವಳು ಇದೇ ಸುಜಾತ. ಎರಡು ಮಕ್ಕಳ ತಾಯಿಗೆ ಒಂದು ಮಗುವಿನಿಂದ ಇನ್ನೊಂದು ಮಗುವನ್ನು ಕಾಯಬೇಕಾಗಿ ಬಂದರೆ ಹೇಗಿರುತ್ತದೆ ಎಂಬುದನ್ನು ನಾನು ಅಂದು ಕಂಡೆ.

ಜಲಜಮ್ಮ ಹೊರಗಿನ ಜಗಲಿಯಲ್ಲಿ ಕೂತಿದ್ದರು. ನಾನು ಕೇಳಿದ್ದಕ್ಕೆ, “ಅಯ್ಯೋ, ನಾ ಹೇಳಿದ್ದು ತಮಾಷೆಗೆ ಮಾರಾಯ್ತಿ. ಅದು ಕಿವಿ ಕೊಟ್ಟು ಕೇಳ್ತಿತ್ತು ಅಂತ ನಂಗೆಂತ ಗೊತ್ತು?” ಎಂದರು.

ನಮ್ಮ ಮೇಲ್ವಿಚಾರಕರು ಶಂಕರನಾರಾಯಣ ಸರ್. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ನಮ್ಮ ಸಂಸ್ಥೆಗೆ ಬಂದವರು, ಬಹಳ ಜಾಗ್ರತೆಯ ಮನುಷ್ಯ. ಅವರ ಜೊತೆ ನಾನು ಎಷ್ಟೋ ಸಲ ಜಗಳವಾಡಿದ್ದೇನೆ. ಆದರೆ ಅಂದು ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನೆಮ್ಮಾರಿನಿಂದಲೇ ಫೋನ್ ಮಾಡಿದೆ.

“ಹುಡುಗೀನ ಸ್ವಲ್ಪ ದಿನ ಬೇರೆ ಕಡೆ ಇಡಿ,” ಎಂದರು. “ಹಸುಗೂಸಿಗೆ ಏನಾದ್ರೂ ಆದ್ರೆ, ನಾವು ಗೊತ್ತಿದ್ದೂ ಬಿಟ್ಟ ಹಾಗಾಗ್ತದೆ.”

“ಬೇರೆ ಕಡೆ ಇಟ್ರೆ, ಅವಳು ಯಾವುದಕ್ಕೆ ಹೆದರಿದಾಳೋ ಅದನ್ನೇ ನಾವು ಮಾಡಿದ ಹಾಗಾಗ್ತದೆ ಸರ್. ಮತ್ತೆ ಅವಳು ಆ ಮನೆಗೆ ಬರೋದಿಲ್ಲ. ಬಂದ್ರೂ ಮಗಳಾಗಿ ಬರೋದಿಲ್ಲ.”

“ಇನ್ನೊಂದು ಸಲ ಹೀಗಾಗೂದಿಲ್ಲ ಅಂತ ನೀವು ಖಾತ್ರಿ ಕೊಡ್ತೀರಾ?”

“ಇಲ್ಲ ಸರ್.”

“ಹಾಗಾದ್ರೆ ಕಟ್ಟುನಿಟ್ಟು ಮಾಡಿ. ದೊಡ್ಡವರಿಲ್ಲದಾಗ ಹುಡುಗಿ ಕೂಸಿನ ಹತ್ತಿರ ಹೋಗಬಾರದು. ಎತ್ಕೊಳ್ಳಬಾರದು, ಮುಟ್ಟಬಾರದು. ಅದಕ್ಕೆ ಅವರು ಒಪ್ಪಿದ್ರೆ ಮನೇಲಿರ್ಲಿ” ಎಂದರು.

ನನಗೆ ಅದು ಸರಿ ಅನಿಸಿತು. ಮನೆಯವರನ್ನೆಲ್ಲ ಕೂರಿಸಿ ನಾನೇ ಆ ನಿಯಮ ಹೇಳಿದೆ. ಸಿಂಚನಳಿಗೆ ಎರಡು ಸಲ ಹೇಳಿದೆ. ಅವಳು ತಲೆಯಾಡಿಸಿದಳು. ಒಂದು ತಿಂಗಳು ನೋಡೋಣ, ಆಮೇಲೂ ನಿಮಗೆ ಹೆದರಿಕೆ ಹೋಗದಿದ್ದರೆ ಹಾಸ್ಟೆಲಿನ ವಿಷಯ ಮಾತಾಡೋಣ ಎಂದು ಸುಜಾತಳಿಗೆ ಮಾತು ಕೊಟ್ಟೆ.

ಆ ದಿನಗಳಲ್ಲಿ ಫೋನ್ ಹೊಡೆದುಕೊಂಡರೆ ಸಾಕು, ನೆಮ್ಮಾರಿನದೇ ಎಂದು ಓಡುತ್ತಿದ್ದೆ. ನನ್ನ ಮಾತು ನಂಬಿ ಒಂದು ಮನೆ ಅಪಾಯವನ್ನು ಒಳಗಿಟ್ಟುಕೊಂಡಿತ್ತು. ಅಥವಾ ಅಪಾಯವೇ ಇರಲಿಲ್ಲವೋ. ನನಗೆ ಗೊತ್ತಿರಲಿಲ್ಲ. ಈ ಕೆಲಸಕ್ಕೆ ಬರುವವರಿಗೆ ಯಾರೂ ಹೇಳದ ಸಂಗತಿ ಇದು. ಗೊತ್ತಿಲ್ಲದೆಯೇ ತೀರ್ಮಾನ ಮಾಡಬೇಕಾಗುತ್ತದೆ, ಮಾಡಿದ ಮೇಲೆ ಅದರ ಜೊತೆ ಊಟ ಮಾಡಬೇಕು, ಬಸ್ಸಿನಲ್ಲಿ ಹೋಗಬೇಕು, ಬೇರೆ ಮಕ್ಕಳನ್ನು ನಗುನಗುತ್ತಾ ಮಾತಾಡಿಸಬೇಕು.

ಮಹೇಶ ವಾರಕ್ಕೊಮ್ಮೆ ಬೈಕಿನಲ್ಲಿ ಸಿಂಚನಳನ್ನು ಕೊಪ್ಪಕ್ಕೆ ಕರೆತರುತ್ತಿದ್ದ. ಆಗ ನಾವು ಹೊಸದಾಗಿ ಕಲಿತು ಬಂದಿದ್ದ ಕ್ರಮ ಬೊಂಬೆಗಳದ್ದು. ಅಪ್ಪ, ಅಮ್ಮ, ಅಜ್ಜಿ, ಮಗು ಎಂದು ಬಟ್ಟೆಯ ಬೊಂಬೆ ಕೊಡುವುದು, ಮಗು ಅವುಗಳನ್ನಿಟ್ಟು ಆಡುವಾಗ ಮನಸ್ಸಿನಲ್ಲಿದ್ದದ್ದು ಹೊರಬರುತ್ತದೆ ಎನ್ನುವುದು. ಬೇರೆ ಮಕ್ಕಳಲ್ಲಿ ಅದು ಕೆಲಸ ಮಾಡಿದ್ದನ್ನು ನೋಡಿದ್ದೇನೆ. ಸಿಂಚನ ಬೊಂಬೆಗಳನ್ನು ಸಾಲಾಗಿ ಕೂರಿಸಿ, ಅಕ್ಕನ ಬೊಂಬೆಯ ಕೈಯಿಂದ ತಂಗಿಯ ಬೊಂಬೆಯ ತಲೆ ಸವರಿಸಿ, ನನ್ನ ಮುಖ ನೋಡಿದಳು. “ಸರಿಯಾಯ್ತಾ ಮಿಸ್?” ಎಂದಳು. ನಾನು ಏನನ್ನು ನೋಡಲು ಕಾಯುತ್ತಿದ್ದೇನೆ ಎಂದು ಅವಳು ಕಂಡುಹಿಡಿದಿದ್ದಳು. ಬೊಂಬೆಗಳನ್ನು ಬುಟ್ಟಿಗೆ ಹಾಕಿದೆ. ಮುಂದಿನ ವಾರಗಳಲ್ಲಿ ಸುಮ್ಮನೆ ಚೌಕಾಬಾರ ಆಡಿದೆವು. ಅವಳು ಗೆಲ್ಲುತ್ತಿದ್ದಳು, ಮಾತಾಡುತ್ತಿರಲಿಲ್ಲ.

ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಸುಜಾತ ಹೇಳದೆ ಕೇಳದೆ ಕಚೇರಿಗೆ ಬಂದಳು. ಒಂದು ಕಂಕುಳಲ್ಲಿ ಆದ್ಯ, ಇನ್ನೊಂದು ಕೈಯಲ್ಲಿ ಸಿಂಚನಳ ರಟ್ಟೆ. ಆದ್ಯಳ ಮೇಲ್ದುಟಿ ಊದಿ ಒಡೆದಿತ್ತು. ಸಿಂಚನಳ ಕೆನ್ನೆಯ ಮೇಲೆ ಐದು ಬೆರಳೂ ಮೂಡಿದ್ದವು.

“ನೋಡಿ ಮೇಡಂ. ನೋಡಿ ನಿಮ್ಮ ನಿಯಮ,” ಎಂದಳು.

ಆಸ್ಪತ್ರೆಗೆ ತೋರಿಸಿಯೇ ಬಂದಿದ್ದಳು, ಹೊಲಿಗೆ ಹಾಕುವಂಥ ಗಾಯವಲ್ಲ ಅಂದಿದ್ದರಂತೆ. ನಡೆದದ್ದನ್ನು ಬಾಗಿಲಲ್ಲೇ ನಿಂತು ಹೇಳಿದಳು. ಅವಳು ಹೊಲಿಗೆ ಮೆಷಿನ್ ಮೇಲೆ ಕೂತಿದ್ದಳು. ಅಜ್ಜಿ ಮಕ್ಕಳಿಬ್ಬರ ಹತ್ತಿರ ಇದ್ದವರು ಬಾಗಿಲಿಗೆ ಯಾರೋ ಬಂದರೆಂದು ಎದ್ದುಹೋದರು. ಆದ್ಯ ಆಗಷ್ಟೇ ಕುರ್ಚಿ ಹಿಡಿದು ಎದ್ದು ನಿಲ್ಲಲು ಕಲಿತಿದ್ದಳು. ಧಡ್ ಎಂದು ಸದ್ದು, ಕಿರುಚಾಟ. ಸುಜಾತ ಓಡಿಬಂದು ನೋಡಿದರೆ ಕೂಸು ನೆಲದ ಮೇಲೆ, ಬಾಯಿ ತುಂಬ ರಕ್ತ, ಕೈಗೆಟುಕುವ ದೂರದಲ್ಲಿ ಸಿಂಚನ ನಿಂತಿದ್ದಳು.

“ಎಂತ ಮಾಡಿದೆ ಅಂತ ಕೇಳಿದ್ರೆ ಬಾಯೇ ಬಿಡ್ಲಿಲ್ಲ. ಹೊಡೆದೆ. ಆದ್ರೂ ಅಳ್ಲಿಲ್ಲ ಮೇಡಂ, ಸುಮ್ನೆ ನಿಂತಿದ್ಲು.”

ಇಬ್ಬರನ್ನೂ ಚಾಪೆಯ ಮೇಲೆ ಕೂರಿಸಿದೆ. ಇಂಥ ಹೊತ್ತಿಗೆ ಬಳಸಲು ನನ್ನ ಹತ್ತಿರ ಕೆಲವು ಮೆತ್ತನೆಯ ಮಾತುಗಳಿದ್ದವು. ‘ಅಮ್ಮನಿಗೆ ನಿನ್ನ ಮೇಲೆ ಪ್ರೀತಿ ಇದೆ, ಸಿಟ್ಟು ಆ ಕೆಲಸದ ಮೇಲೆ’ ಎಂಬಂಥವು. ನಾನು ಶುರುಮಾಡಿದೆನೋ ಇಲ್ಲವೋ, ಸುಜಾತ ತಡೆದಳು.

“ಬೇಡ ಮೇಡಂ. ನಾನೇ ಹೇಳ್ತೀನಿ.” ಸಿಂಚನಳ ಕಡೆ ತಿರುಗಿದಳು. ಬಸ್ ನಿಲ್ದಾಣದ ದಿನದಿಂದ ಅವಳು ಮಗಳ ಮುಖವನ್ನು ಹಾಗೆ ನೇರವಾಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ. “ಸಿಂಚು, ನಂಗೆ ನಿನ್ನ ಕಂಡ್ರೆ ಹೆದ್ರಿಕೆ ಆಗ್ತದೆ. ನೀನು ಎದ್ದು ಓಡಾಡಿದ್ರೆ ಹೆದ್ರಿಕೆ. ಸುಮ್ನಿದ್ರೂ ಹೆದ್ರಿಕೆ. ನಿನ್ನ ಎತ್ತಿ ಬೆಳೆಸಿದ್ದು ನಾನು. ನಂಗೆ ಹೀಗೆ ಆಗ್ತದಲ್ಲ ಅಂತ ನಂಗೇ ಸಂಕಟ.”

ಒಂಬತ್ತು ವರ್ಷದ ಮಗುವಿಗೆ ತಾಯಿ ಹೀಗೆ ಹೇಳಬಾರದು ಎಂದು ಯಾವ ಪುಸ್ತಕವಾದರೂ ಹೇಳುತ್ತದೆ. ನಾನು ತಡೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸಿಂಚನ ಮಾತಾಡಿದಳು.

“ನಂಗೂ ನಿನ್ನ ಕಂಡ್ರೆ ಹೆದ್ರಿಕೆ ಅಮ್ಮ.”

“ಯಾಕೆ?”

“ನೀನು ಚೀಲ ತೆಗೆದ್ರೆ ನನ್ನ ಬಟ್ಟೆ ತುಂಬ್ಸೋಕೆ ಅಂತ ಅನ್ಸ್ತದೆ.”

ಕೆಳಗೆ ಔಷಧಿ ಅಂಗಡಿಯ ಶಟರ್ ಎಳೆದ ಸದ್ದು ಕೇಳಿತು. ನಾನು ಮೆಲ್ಲಗೆ ಕೇಳಿದೆ, “ಸಿಂಚನ, ಆದ್ಯ ಹೇಗೆ ಬಿದ್ಲು?”

“ಕುರ್ಚಿ ಹಿಡ್ಕೊಂಡಿದ್ಲು. ಕುರ್ಚಿ ಜಾರ್ತು. ನಾನು ದೂಡ್ಲಿಲ್ಲ.”

“ನೀನು ಹತ್ರ ಇದ್ಯಲ್ಲ?”

“ಇದ್ದೆ. ಬೀಳ್ತಾಳೆ ಅಂತ ಗೊತ್ತಾಯ್ತು. ಹಿಡ್ಕೋಬಹುದಿತ್ತು.” ಅವಳು ತನ್ನ ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿಕೊಂಡಳು. “ಮುಟ್ಟಬಾರದು ಅಂದಿದ್ರಲ್ಲ ಮಿಸ್.”

ಆಗ ಅತ್ತಳು. ಬಸ್ಸಿನಿಂದಿಳಿಸಿದಾಗ ಅಳದವಳು, ಹೊಡೆತ ತಿಂದಾಗ ಅಳದವಳು, ಆಗ ಉಸಿರು ಸಿಕ್ಕಿಹಾಕಿಕೊಳ್ಳುವ ಹಾಗೆ ಅತ್ತಳು. ನಾವು ಕೂಸನ್ನು ಕಾಯಲು ಮಾಡಿದ ನಿಯಮವನ್ನು ಮನೆಯಲ್ಲಿ ತಪ್ಪದೆ ಪಾಲಿಸಿದವಳು ಅವಳೊಬ್ಬಳೇ.

ಸುಜಾತ ಚಾಪೆಯ ಮೇಲೆ ಸರಿದು ಸಿಂಚನಳ ಪಕ್ಕಕ್ಕೆ ಬಂದಳು. ತೊಡೆಯ ಕೆಳಗಿನಿಂದ ಅವಳ ಕೈಗಳನ್ನು ಎಳೆದು ತೆಗೆದಳು. ಕಂಕುಳಿನಿಂದ ಆದ್ಯಳನ್ನು ಇಳಿಸಿ ಅವಳ ಮಡಿಲಿನಲ್ಲಿ ಕೂರಿಸಿದಳು.

“ಹಿಡ್ಕೋ. ಬೀಳ್ತಾಳೆ ಅಂತ ಕಂಡ್ರೆ ಹಿಡ್ಕೋಬೇಕು. ಯಾರು ಎಂತ ಹೇಳಿದ್ರೂ ಹಿಡ್ಕೋಬೇಕು. ತಿಳೀತಾ?”

ಸಿಂಚನ ಹಿಡಿದುಕೊಂಡಳು. ಸುಜಾತಳ ಒಂದು ಕೈ ಮಾತ್ರ ಕೂಸಿನ ಕೆಳಗೇ ಇತ್ತು. ಅವಳು ಅದನ್ನು ತೆಗೆಯಲಿಲ್ಲ, ನಾನೂ ತೆಗೆ ಎನ್ನಲಿಲ್ಲ. ಹೆದರಿಕೆ ಒಂದು ಮಧ್ಯಾಹ್ನಕ್ಕೆ ಹೋಗುವಂಥದ್ದಲ್ಲ. ಆದ್ಯ ಅಕ್ಕನ ಒದ್ದೆ ಕೆನ್ನೆಗೆ ಕೈ ಹಾಕಿ ಎಳೆದಳು. ಮಹೇಶ ಬೈಕಿನಲ್ಲಿ ಹುಡುಕಿಕೊಂಡು ಬಂದಾಗ ಮೂವರೂ ಹಾಗೆಯೇ ಕೂತಿದ್ದರು. ಅವನು ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತುಬಿಟ್ಟ.

ಹಾಸ್ಟೆಲಿನ ಮಾತು ಅಲ್ಲಿಗೆ ನಿಂತಿತು ಎಂದರೆ ಸುಳ್ಳಾಗುತ್ತದೆ. ಸುಜಾತ ಆಮೇಲೂ ಎರಡು ಮೂರು ಸಲ ಕೇಳಿದ್ದುಂಟು. ಸಿಂಚನ ಒಮ್ಮೆ ಆದ್ಯಳ ಹೊಸ ಸ್ವೆಟರನ್ನು ಕತ್ತರಿಯಿಂದ ಚಿಂದಿಮಾಡಿದಳು. ಅಂದು ಇಡೀ ಸಂಜೆ ಫೋನಿನಲ್ಲೇ ಕೂತಿದ್ದೆ. ಆದರೆ ಅವಳು ಸ್ವೆಟರ್ ಕತ್ತರಿಸಿದ್ದನ್ನು ತಾನೇ ಹೋಗಿ ತಾಯಿಗೆ ತೋರಿಸಿದ್ದಳು. ಸುಜಾತ ಹೊಡೆಯಲಿಲ್ಲ, ಹೊಲಿಗೆ ಮೆಷಿನ್ ಹತ್ತಿರ ಕೂರಿಸಿಕೊಂಡು ಆ ಚಿಂದಿಯಿಂದಲೇ ಒಂದು ಟೋಪಿ ಹೊಲಿಸಿದಳು. ಟೋಪಿ ಸೊಟ್ಟಗಿತ್ತು. ಆದ್ಯ ಅದನ್ನೇ ಹಾಕಿಕೊಂಡು ತಿರುಗಾಡುತ್ತಿದ್ದಳು.

ಶಂಕರನಾರಾಯಣ ಸರ್ ಕುರ್ಚಿ ಜಾರಿದ ವಿಷಯ ಕೇಳಿ ಮುಂದಿನ ವಾರ ನನ್ನ ಜೊತೆ ನೆಮ್ಮಾರಿಗೆ ಬಂದರು. ಸಿಂಚನಳನ್ನು ಪಕ್ಕಕ್ಕೆ ಕರೆದು, “ಪುಟ್ಟಿ, ಆ ನಿಯಮ ಮಾಡಿದ್ದು ನಾನು. ಅದನ್ನ ಇವತ್ತಿಗೆ ತೆಗೆದುಹಾಕ್ತಿದೀನಿ” ಎಂದರು. ಅವರು ತಮ್ಮ ಆದೇಶವನ್ನು ಬಾಯಿಮಾತಿನಲ್ಲಿ ಹಿಂತೆಗೆದುಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಜಲಜಮ್ಮ ಅವರಿಗೆ ಕಾಫಿ ತಂದುಕೊಟ್ಟು, ಹಿಂದೆಯೇ ನಿಂತಿದ್ದ ಸಿಂಚನಳ ತಲೆಯ ಮೇಲೆ ಕೈಯಿಟ್ಟು, “ನನ್ನ ಬಾಯಿಗೆ ಬೀಗ ಹಾಕ್ಬೇಕಿತ್ತು” ಎಂದರು. ಅದಕ್ಕಿಂತ ಹೆಚ್ಚಿನ ಕ್ಷಮೆ ಆ ಮುದುಕಿಯಿಂದ ಬರುವಂತಿರಲಿಲ್ಲ. ಸಿಂಚನಳಿಗೂ ಅದು ಸಾಕಾಯಿತು ಅಂತ ಕಾಣುತ್ತದೆ. ಅಜ್ಜಿ ತೀರಿಕೊಳ್ಳುವವರೆಗೂ ಅವರ ಕಾಲು ಒತ್ತುತ್ತಿದ್ದವಳು ಅವಳೇ.

ಹೊಸದಾಗಿ ಸೇರಿದ ಹುಡುಗಿ ಕೇಳಿದ ಪ್ರಶ್ನೆಗೆ ನಾನು ಕಂಡ ಉತ್ತರ ಇಷ್ಟೇ. ದೂರು ನಿಜವಿರಬಹುದು. ಸಿಂಚನ ತಂಗಿಯನ್ನು ಕೊಟ್ಟುಬಿಡಲು ಹೊರಟದ್ದು ನಿಜ. ಅದನ್ನು ಅವಳು ಮಾಡಿಲ್ಲವೆಂದು ಸಾಧಿಸಲು ಹೋಗಬೇಡ, ಮಗು ಅಲ್ಲವೇ ಎಂದು ತೇಲಿಸಲೂ ಬೇಡ. ಮನೆಯವರ ಹೆದರಿಕೆಯನ್ನು ಪೂರ್ತಿ ಕೇಳು. ಆಮೇಲೆ ಮಗುವಿನ ಹೆದರಿಕೆಯನ್ನೂ ಅಷ್ಟೇ ಪೂರ್ತಿ ಕೇಳು.

ಆಮೇಲೆ ಮಹೇಶನಿಗೆ ಕೊಪ್ಪಕ್ಕೆ ವರ್ಗವಾಯಿತು. ನಾನು ನಿವೃತ್ತಳಾದೆ. ಸಿಂಚನ ಈಗ ಕೊಪ್ಪಕ್ಕೆ ಹತ್ತಿರದ ಬಾಳಗಡಿಯ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಾಳೆ. ಈ ಬೇಸಿಗೆಯಲ್ಲಿ ಒಂದು ಭಾನುವಾರ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ನನಗಿಂತ ಎತ್ತರ ಬೆಳೆದಿದ್ದಾಳೆ. ಕೂರು ಎಂದರೂ ಕೂರಲಿಲ್ಲ.

“ಮಿಸ್, ನನ್ನ ಹೆತ್ತವರು ಯಾರು ಅಂತ ತಿಳ್ಕೋಬೇಕು. ಅದಕ್ಕೆ ಎಂತ ಮಾಡ್ಬೇಕು?”

ಈ ಪ್ರಶ್ನೆಯನ್ನು ಎಷ್ಟೋ ಮಕ್ಕಳು ಕೇಳಿದ್ದಾರೆ. ಹದಿನೆಂಟು ತುಂಬಿದರೆ ನೀನೇ ಕೇಳಬಹುದು, ಈಗಾದರೆ ತಂದೆತಾಯಿಯ ಜೊತೆ ಸೇರಿ ಅರ್ಜಿ ಹಾಕಬೇಕು, ಹಾಕಿದರೂ ಹೆತ್ತವರು ಒಪ್ಪದಿದ್ದರೆ ಅವರ ಹೆಸರು ಹೇಳುವುದಿಲ್ಲ, ಗುರುತು ಸಿಗದೆಯೂ ಹೋಗಬಹುದು ಎಂದೆಲ್ಲ ಹೇಳಿದೆ. ಅವಳು ಎಲ್ಲಕ್ಕೂ ತಲೆಯಾಡಿಸಿದಳು.

“ಅಮ್ಮನ ಹತ್ರ ಹೇಳಿದೀಯಾ?”

“ಅವಳೇ ಕರ್ಕೊಂಡು ಬಂದದ್ದು. ಗೇಟಿನ ಹತ್ರ ಸ್ಕೂಟರ್ ಮೇಲೆ ಕೂತಿದಾಳೆ. ಒಳಗೆ ಬಾ ಅಂದ್ರೆ ಬರೂದಿಲ್ಲ.”

ನಾನು ಹೊರಗೆ ಹೋದೆ. ಸುಜಾತ ಬಿಸಿಲಿನಲ್ಲಿ ಹೆಲ್ಮೆಟ್ ಕೂಡ ತೆಗೆಯದೆ ಕೂತಿದ್ದಳು. ನನ್ನನ್ನು ನೋಡಿ ನಗಲು ಪ್ರಯತ್ನಿಸಿದಳು.

“ಕೇಳಿದ್ಲಾ ಮೇಡಂ?”

“ಕೇಳಿದ್ಲು.”

“ಹದಿನೆಂಟು ಆಗ್ಲಿ ಅಂತ ಅವಳಂದ್ಲು. ಈಗ್ಲೇ ಕೇಳುವಾ ಅಂತ ನಾನೇ ಎಬ್ಬಿಸ್ಕೊಂಡು ಬಂದೆ. ಅವಳೊಬ್ಬಳೇ ಆ ಕಾಗದಕ್ಕೆ ಸಹಿ ಹಾಕೂದು ನಂಗೆ ಬೇಡ.” ಹೆಲ್ಮೆಟಿನ ಪಟ್ಟಿಯನ್ನು ಬಿಚ್ಚಿದಳು, ಮತ್ತೆ ಹಾಕಿದಳು. “ಆದ್ಯಂಗೂ ಹೇಳಿದೀವಿ. ಅಕ್ಕ ಹೋದ್ರೆ ನಾನೂ ಹೋಗ್ತೀನಿ ಅಂತ ಬೆಳಿಗ್ಗೆಯಿಂದ ಅಳ್ತಿದೆ ಅದು. ಆ ತಾಯಿ ಸಿಗ್ಲಿ ಅಂತಾನೂ ಅನ್ಸ್ತದೆ ಮೇಡಂ. ಸಿಗದೇ ಇರ್ಲಿ ಅಂತಾನೂ ಅನ್ಸ್ತದೆ.”

ಸಿಂಚನ ಹೊರಗೆ ಬಂದಳು. ತಾಯಿಯ ಮುಖವನ್ನೊಮ್ಮೆ ನೋಡಿದಳು.

“ಹಿಂದೆ ಹೋಗು ಅಮ್ಮ. ನಾನು ಬಿಡ್ತೀನಿ ಸ್ಕೂಟರ್.”

“ಲೈಸೆನ್ಸ್ ಎಲ್ಲಿದೆ ನಿಂಗೆ? ಸುಮ್ನೆ ಕೂತ್ಕೋ.”

ಅವಳು ಹಿಂದೆ ಕೂತು ತಾಯಿಯ ಭುಜ ಹಿಡಿದುಕೊಂಡಳು. ಸ್ಕೂಟರ್ ಕೊಪ್ಪದ ಕಡೆ ತಿರುಗಿತು.

ಮರುದಿನವೇ ಅವರು ಅರ್ಜಿ ಹಾಕಿದರು. ಉತ್ತರ ಇನ್ನೂ ಬಂದಿಲ್ಲ. ಏನಾದರೂ ತಿಳಿಯಿತಾ ಎಂದು ವಾರವಾರ ನನಗೆ ಫೋನ್ ಮಾಡಿ ಕೇಳುವವಳು ಸುಜಾತ. ಸಿಂಚನ ಇದುವರೆಗೆ ಒಮ್ಮೆಯೂ ಕೇಳಿಲ್ಲ.